ದೊಡ್ಡಮ್ಮನ ಪೆಟ್ಟಿಗೆಯ ಮೂರು ಡಾಲರ್ ನೋಟು: ಹಳೇ ಅಮೆರಿಕನ್ ನೋಟನ್ನ ಓದೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಸೀಟು ಸಿಕ್ಕಿ ಕೂತು ಕೇಳ್ತಿರೋರಿಗೂ, ಸಿಗದೆ ನಿಂತೇ ಕೇಳ್ತಿರೋರಿಗೂ ಸ್ವಾಗತ. ಸಾಮಾನ್ಯವಾಗಿ ಇಲ್ಲಿ ನಾನು ಎಸ್‌ಐಪಿ, ಕ್ರೆಡಿಟ್ ಕಾರ್ಡ್, ಇನ್ಶೂರೆನ್ಸ್ ಅಂತ ನಿಮ್ಮ ತಲೆ ತಿಂತೀನಿ. ಈ ವಾರ ಸ್ವಲ್ಪ ಬೇರೆ. ಇವತ್ತು ಹಳೇ ಅಮೆರಿಕನ್ ನೋಟುಗಳ ಬಗ್ಗೆ ಮಾತಾಡೋಣ. "ನನಗೂ ಅದಕ್ಕೂ ಏನು ಸಂಬಂಧ?" ಅಂತ ಸ್ಕಿಪ್ ಮಾಡೋಕೆ ಮುಂಚೆ ಒಂದು ಎರಡು ನಿಮಿಷ ಕೊಡಿ.

ಮೂರು ವಾರದ ಹಿಂದೆ ಉಡುಪಿ ಹತ್ತಿರ ಇರೋ ನಮ್ಮ ದೊಡ್ಡಮ್ಮ ಫೋನ್ ಮಾಡಿದ್ರು. "ಮಗಾ, ನಿನ್ನ ಹತ್ರ ಎಂಟೂವರೆ ಸಾವಿರ ಉಂಟಾ? ಒಂದು ವಾರದಲ್ಲಿ ವಾಪಸ್ ಕೊಡ್ತೇನೆ" ಅಂದ್ರು. ದೊಡ್ಡಮ್ಮ ಜನ್ಮದಲ್ಲಿ ಯಾರ ಹತ್ರಾನೂ ಸಾಲ ಕೇಳಿದವರಲ್ಲ. ಎಂತಕ್ಕೆ ಅಂತ ಕೇಳಿದೆ.

"ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಸಾವಿರ ಡಾಲರ್‌ನ ನೋಟು ಉಂಟಲ್ಲ, ಅದಕ್ಕೆ ವಾಟ್ಸಾಪಿನಲ್ಲಿ ಒಂದು ಪಾರ್ಟಿ ಸಿಕ್ಕಿದ್ದಾರೆ. ಹದಿನಾಲ್ಕು ಲಕ್ಷ ಕೊಡ್ತಾರಂತೆ. ಮೊದಲು ನಾವು ಜಿಎಸ್‌ಟಿ ಕಟ್ಟಬೇಕಂತೆ."

ನನ್ನ ಹೊಟ್ಟೆ ಚುರ್ ಅಂತು. "ದೊಡ್ಡಮ್ಮ, ಇದಕ್ಕೆ ಮುಂಚೆ ಏನಾದ್ರೂ ಕಟ್ಟಿದ್ದೀರಾ?" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅರ್ಜಿ ಫೀಸು ಅಂತ 2,150 ಕಟ್ಟಿದ್ದೇನೆ ಮಾರಾಯ್ತಿ" ಅಂದ್ರು.

ದೊಡ್ಡಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ತೀರಿಕೊಂಡು ಆರು ವರ್ಷ ಆಯ್ತು. ಅವರ ತಗಡಿನ ಪೆಟ್ಟಿಗೆಯಲ್ಲಿ ಮೂರು ಅಮೆರಿಕನ್ ನೋಟು ಇದ್ದವು. "ತೀರಾ ಕಷ್ಟ ಬಂದ್ರೆ ಇದನ್ನ ತೆಗಿ" ಅಂತ ದೊಡ್ಡಮ್ಮನಿಗೆ ಹೇಳಿದ್ರಂತೆ. ಈಗ ಮನೆಯ ಮಾಡು ಸೋರ್ತಾ ಇದೆ. ಹಂಚು, ಪಕಾಸು ಎಲ್ಲ ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕು. ಅವರ ಪಾಲಿಗೆ ಇದೇ ಆ ಕಷ್ಟದ ಕಾಲ.

"ಒಂದು ರೂಪಾಯಿನೂ ಕಳಿಸಬೇಡಿ, ಶನಿವಾರ ನಾನೇ ಬರ್ತೀನಿ" ಅಂದೆ. ಮೂರೂ ನೋಟಿನ ಫೋಟೋ, ಹಿಂದೆ ಮುಂದೆ ಎರಡೂ ಕಡೆ, ಕಳಿಸೋಕೆ ಹೇಳಿದೆ. ಕೆಲವು ವರ್ಷಗಳಿಂದ ನನಗೆ ಹಳೇ ನೋಟುಗಳ ಹುಚ್ಚು ಇದೆ. ಸಂಗ್ರಹ ದೊಡ್ಡದೇನಲ್ಲ, ಓದೋದು ಜಾಸ್ತಿ. ಹಾಗಾಗಿ ಮೊದಲ ಫೋಟೋ ತೆರೆದ ತಕ್ಷಣ ನನಗೆ ಉತ್ತರ ಗೊತ್ತಾಗಿಹೋಯ್ತು. ಅದನ್ನ ದೊಡ್ಡಮ್ಮನಿಗೆ ಹೇಗೆ ಹೇಳೋದು ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ.

ಮೊದಲನೇ ನೋಟು: 8894

ಆ ನೋಟಿನ ಮೇಲೆ 'ಬ್ಯಾಂಕ್ ಆಫ್ ದ ಯುನೈಟೆಡ್ ಸ್ಟೇಟ್ಸ್' ಅಂತ ಇದೆ. ಮೊತ್ತ ಸಾವಿರ ಡಾಲರ್, ಇಸವಿ 1840. ಕಂದು ಬಣ್ಣದ ಕಾಗದ, ಮುಟ್ಟಿದ್ರೆ ಹಪ್ಪಳದ ಹಾಗೆ ಚರಚರ ಅನ್ನುತ್ತೆ. ಸೀರಿಯಲ್ ನಂಬರ್ 8894.

ಈ ನಂಬರ್ ನೆನಪಿಟ್ಟುಕೊಳ್ಳಿ. ಇದೇ ಬ್ಯಾಂಕು, ಇದೇ ಮೊತ್ತ, ಇದೇ 8894 ಇರೋ ನೋಟು ಪ್ರಪಂಚದಾದ್ಯಂತ ಸಾವಿರಾರು ಮನೆಗಳ ಪೆಟ್ಟಿಗೆಯಲ್ಲಿದೆ. ಒಂದು ಅಸಲಿ ನೋಟನ್ನ ಇಟ್ಟುಕೊಂಡು, ಹಳೇದರ ಹಾಗೆ ಕಾಣಲಿ ಅಂತ ಬಣ್ಣ ಕಟ್ಟಿದ ಕಾಗದದ ಮೇಲೆ ಅಚ್ಚು ಹಾಕಿ, ಪ್ರವಾಸಿಗಳಿಗೆ ನೆನಪಿನ ವಸ್ತು ಅಂತ ಮಾರಿದ್ದು. ಎಲ್ಲದರ ಮೇಲೂ ಒಂದೇ ನಂಬರ್. ಕರೆನ್ಸಿ ನೋಟಿನ ಮೊದಲ ಪಾಠವೇ ಒಂದು ನಂಬರ್ ಎರಡು ಸಲ ಬರಬಾರದು ಅನ್ನೋದು.

ಹಾಗಂತ ಆ ಬ್ಯಾಂಕು ಸುಳ್ಳಲ್ಲ. ಅಮೆರಿಕ ಸರ್ಕಾರದಿಂದ ಅದಕ್ಕಿದ್ದ ಸನ್ನದು 1836ಕ್ಕೆ ಮುಗಿಯಿತು. ಆಮೇಲೆ ಪೆನ್ಸಿಲ್ವೇನಿಯಾ ರಾಜ್ಯದ ಸನ್ನದಿನ ಮೇಲೆ ನಡೀತು, 1841ರಲ್ಲಿ ಮುಳುಗಿತು. ಅಂದ್ರೆ ಆ ನೋಟು ಅಸಲಿಯೇ ಆಗಿದ್ರೂ ಅದನ್ನ ಬರೆದುಕೊಟ್ಟ ಬ್ಯಾಂಕು ಮುಳುಗಿ 180 ವರ್ಷ ದಾಟಿದೆ. ಕೌಂಟರ್‌ಗೆ ಹೋಗಿ "ಸಾವಿರ ಡಾಲರ್ ಕೊಡಿ" ಅನ್ನೋಕೆ ಕೌಂಟರ್ರೇ ಇಲ್ಲ.

ಅವತ್ತಿನ ಅಮೆರಿಕದ ಪರಿಸ್ಥಿತಿ ಸ್ವಲ್ಪ ಹೇಳ್ತೀನಿ. 1861ಕ್ಕೆ ಮುಂಚೆ ಅಲ್ಲಿ ಜನರ ಕೈಯಲ್ಲಿದ್ದ ಕಾಗದದ ಹಣ ಹೆಚ್ಚಾಗಿ ಖಾಸಗಿ ಬ್ಯಾಂಕುಗಳದ್ದು. ಸಾವಿರಾರು ಥರದ ನೋಟು. ಅಂಗಡಿಯವನ ಗಲ್ಲಾದ ಪಕ್ಕ ಒಂದು ಪುಸ್ತಕ ಇರ್ತಿತ್ತು, ಯಾವ ಬ್ಯಾಂಕು ಬದುಕಿದೆ, ಯಾವುದು ಮುಳುಗಿದೆ, ಯಾವುದಕ್ಕೆ ನಕಲಿ ಬಂದಿದೆ ಅಂತ ನೋಡಿಕೊಳ್ಳೋಕೆ. ಮುಳುಗಿದ ಬ್ಯಾಂಕುಗಳ ಈ ನೋಟುಗಳನ್ನೇ ಈಗ ಸಂಗ್ರಾಹಕರು 'ಬ್ರೋಕನ್ ಬ್ಯಾಂಕ್ ನೋಟ್' ಅಂತ ಕರೀತಾರೆ.

ಅದಕ್ಕೂ ಹಿಂದೆ, 1775ರಲ್ಲಿ, ಬ್ರಿಟನ್ ವಿರುದ್ಧ ಯುದ್ಧ ಮಾಡೋಕೆ ದುಡ್ಡು ಬೇಕಾಗಿ ಕಾಂಟಿನೆಂಟಲ್ ಕಾಂಗ್ರೆಸ್ ನೋಟು ಅಚ್ಚು ಹಾಕಿತು. ಮಿತಿಮೀರಿ ಅಚ್ಚು ಹಾಕಿದ್ದೂ ಆಯ್ತು, ಬ್ರಿಟಿಷರು ನಕಲಿ ಮಾಡಿ ಹರಿಬಿಟ್ಟಿದ್ದೂ ಆಯ್ತು, ಕೊನೆಗೆ ಅದಕ್ಕೆ ಬೆಲೆಯೇ ಇಲ್ಲದ ಹಾಗಾಯ್ತು. ಆಮೇಲೆ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಕಾನ್ಫೆಡರೇಟ್ ಸರ್ಕಾರ ತನ್ನದೇ ನೋಟು ತಂದಾಗ, ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಅಪ್ಹಮ್ ಅನ್ನೋ ಅಂಗಡಿಯವನು 1862ರಲ್ಲಿ ಅದರ ನಕಲುಗಳನ್ನ ರಾಜಾರೋಷವಾಗಿ 'ಸ್ಮರಣಿಕೆ' ಅಂತ ಮಾರಿದ. 1950ರ ದಶಕದಲ್ಲಂತೂ ಮಕ್ಕಳ ಸೀರಿಯಲ್ ಡಬ್ಬಿಯಲ್ಲೂ ಕಾನ್ಫೆಡರೇಟ್ ನೋಟಿನ ನಕಲು ಫ್ರೀ ಬರ್ತಿತ್ತು. ಅಂಥ ವಸ್ತುಗಳ ಮೇಲೆ 'ಕಾಪಿ' ಅಂತ ಅಚ್ಚು ಹಾಕಲೇಬೇಕು ಅನ್ನೋ ಕಾನೂನು ಬಂದಿದ್ದು 1973ರಲ್ಲಿ. ಅದಕ್ಕೆ ಮುಂಚಿನವು ಯಾವ ಗುರುತೂ ಇಲ್ಲದೆ ಪೆಟ್ಟಿಗೆಗಳಲ್ಲಿ ಕೂತಿವೆ. ನಮ್ಮ ದೊಡ್ಡಪ್ಪನ ಪೆಟ್ಟಿಗೆಯ ಹಾಗೆ.

ನೋಟಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ

ಬಿಕಾಂನಲ್ಲಿ ಪ್ರಾಮಿಸರಿ ನೋಟ್ ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಒಬ್ಬ ಇನ್ನೊಬ್ಬನಿಗೆ "ಇಷ್ಟು ಕೊಡ್ತೀನಿ" ಅಂತ ಬರೆದುಕೊಡೋ ಮಾತು. ಕರೆನ್ಸಿ ನೋಟೂ ಹಾಗೇ, ಕೊಟ್ಟ ಮಾತು. ಹಾಗಾಗಿ ಹಳೇ ಅಮೆರಿಕನ್ ನೋಟು ಕೈಗೆ ಬಂದಾಗ ಬೆಲೆ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ನಾಲ್ಕು ಪ್ರಶ್ನೆ ಕೇಳಿ: ಮಾತು ಕೊಟ್ಟವರು ಯಾರು? ಏನು ಕೊಡ್ತೀನಿ ಅಂದಿದ್ದಾರೆ? ಯಾವಾಗ ಅಂದಿದ್ದು? ನಿಜವಾಗ್ಲೂ ಅವರೇ ಅಂದಿದ್ದಾ?

ಒಂದು, ಯಾರು. ನೋಟಿನ ಮೇಲಂಚಿನಲ್ಲಿ ಅದರ ಹೆಸರು ಇರುತ್ತೆ. 'ಯುನೈಟೆಡ್ ಸ್ಟೇಟ್ಸ್ ನೋಟ್' ಅಂತಿದ್ರೆ ನೇರ ಸರ್ಕಾರದ್ದು. ಅಂತರ್ಯುದ್ಧದ ಖರ್ಚಿಗೆ 1862ರಿಂದ ಬಂದಿದ್ದು. ಹಿಂಬದಿ ಹಸಿರು ಇದ್ದಿದ್ದರಿಂದ ಆ ಕಾಲದ ನೋಟಿಗೆ 'ಗ್ರೀನ್‌ಬ್ಯಾಕ್' ಅಂತ ಹೆಸರು ಬಿತ್ತು. 'ನ್ಯಾಷನಲ್ ಕರೆನ್ಸಿ' ಅಂತಿದ್ದು ಯಾವುದೋ ಊರಿನ ಬ್ಯಾಂಕಿನ ಹೆಸರಿದ್ರೆ ಅದು ನ್ಯಾಷನಲ್ ಬ್ಯಾಂಕ್ ನೋಟ್. 1863ರಿಂದ 1935ರವರೆಗೆ 12,000ಕ್ಕೂ ಹೆಚ್ಚು ಬ್ಯಾಂಕುಗಳು ಇವನ್ನ ಹೊರಡಿಸಿದವು. ಸರ್ಕಾರಿ ಬಾಂಡ್ ತಗೊಂಡು ಖಜಾನೆಯಲ್ಲಿ ಅಡ ಇಟ್ಟು, ಅದರ ಮೇಲೆ ತಮ್ಮ ಹೆಸರಿನ ನೋಟು ಪಡೆಯೋ ವ್ಯವಸ್ಥೆ. ಅಲ್ಲಿನ ಸಂಗ್ರಾಹಕರು ತಮ್ಮ ಊರಿನ ಬ್ಯಾಂಕಿನ ನೋಟಿಗಾಗಿ ವರ್ಷಗಟ್ಟಲೆ ಹುಡುಕ್ತಾರೆ. ಈಗ ಚಲಾವಣೆಯಲ್ಲಿರೋದು 'ಫೆಡರಲ್ ರಿಸರ್ವ್ ನೋಟ್'. ಇದು ಶುರುವಾಗಿದ್ದು 1914ರಲ್ಲಿ.

ಎರಡು, ಏನು. 'ಸಿಲ್ವರ್ ಸರ್ಟಿಫಿಕೇಟ್' ಅಂದ್ರೆ ಇಷ್ಟು ಡಾಲರ್ ಬೆಳ್ಳಿ ಖಜಾನೆಯಲ್ಲಿದೆ, ಕೇಳಿದಾಗ ಕೊಡ್ತೀವಿ ಅಂತ. 'ಗೋಲ್ಡ್ ಸರ್ಟಿಫಿಕೇಟ್' ಅಂದ್ರೆ ಚಿನ್ನ ಕೊಡ್ತೀವಿ ಅಂತ. ಚಿನ್ನದ ಮಾತು 1933ರಲ್ಲಿ ಮುರಿಯಿತು. ಅಧ್ಯಕ್ಷ ರೂಸ್‌ವೆಲ್ಟ್ ಆದೇಶದಿಂದ ಜನ ತಮ್ಮ ಹತ್ತಿರದ ಚಿನ್ನದ ನಾಣ್ಯ, ಗೋಲ್ಡ್ ಸರ್ಟಿಫಿಕೇಟ್ ಎಲ್ಲ ಒಪ್ಪಿಸಬೇಕಾಯ್ತು. ಗೋಲ್ಡ್ ಸರ್ಟಿಫಿಕೇಟನ್ನ ಇಟ್ಟುಕೊಳ್ಳೋದೇ ಕಾನೂನಿಗೆ ವಿರುದ್ಧವಾಗಿತ್ತು, 1964ರವರೆಗೆ. ಬೆಳ್ಳಿಯ ಮಾತು 1968ರ ಜೂನ್ 24ಕ್ಕೆ ಕೊನೆಯಾಯ್ತು.

ಮೂರು, ಯಾವಾಗ. ಮೊದಲು ಅಳತೆ ನೋಡಿ. 1929ರ ಜುಲೈವರೆಗೆ ಅಮೆರಿಕನ್ ನೋಟುಗಳು ಈಗಿನದಕ್ಕಿಂತ ದೊಡ್ಡದಿದ್ದವು, ಸುಮಾರು ಏಳು ಕಾಲು ಇಂಚಿಗಿಂತ ಉದ್ದ. ಕುದುರೆಗೆ ಹೊದಿಸೋ ಕಂಬಳಿ ಅಂತ ಸಂಗ್ರಾಹಕರು ತಮಾಷೆ ಮಾಡ್ತಾರೆ. ಆಮೇಲೆ ಬಂದಿದ್ದು ಆರಿಂಚು ಚಿಲ್ಲರೆ. ಪರ್ಸಿಗೆ ಹಾಕಿದ್ರೆ ಅಂಚು ಮಡಚಬೇಕಾದ್ರೆ ಅದು ಹಳೇ ಅಳತೆ. ಆಮೇಲೆ 'ಸೀರೀಸ್' ಅಂತ ಇರೋ ಇಸವಿ. ಇಲ್ಲಿ ಎಲ್ಲರೂ ಎಡವೋದು. ಅದು ನೋಟು ಅಚ್ಚಾದ ವರ್ಷ ಅಲ್ಲ, ಆ ವಿನ್ಯಾಸ ಜಾರಿಗೆ ಬಂದ ವರ್ಷ. ಖಜಾನೆಯವರ ಸಹಿ ಬದಲಾದ್ರೆ ಇಸವಿ ಪಕ್ಕ ಎ, ಬಿ ಅಂತ ಅಕ್ಷರ ಸೇರ್ತಿತ್ತು. ಹಾಗಾಗಿ ಸಹಿ ಯಾರದ್ದು ಅಂತ ನೋಡಿದ್ರೆ ಕಾಲ ಇನ್ನೂ ಖಚಿತವಾಗುತ್ತೆ.

ನಾಲ್ಕು, ಅವರೇನಾ. ಅಸಲಿ ನೋಟಿನ ಚಿತ್ರವನ್ನ ಕೆತ್ತಿದ ಲೋಹದ ಅಚ್ಚಿನಿಂದ ಒತ್ತಿರ್ತಾರೆ. ಗೆರೆಗಳು ಕೂದಲೆಳೆ ಥರ ಸ್ಪಷ್ಟ, ಬೆರಳಾಡಿಸಿದ್ರೆ ಶಾಯಿ ಸ್ವಲ್ಪ ಉಬ್ಬಿದ ಹಾಗೆ ತಾಗುತ್ತೆ. ನಿಮ್ಮ ಫೋನಿನ ಮ್ಯಾಕ್ರೋ ಮೋಡ್ ಹಾಕಿ, ಭಾವಚಿತ್ರದ ಕಣ್ಣಿನ ಹತ್ತಿರ ಜೂಮ್ ಮಾಡಿ. ಗೆರೆ ಗೆರೆಯಾಗಿ ಉಳಿದ್ರೆ ಸರಿ. ಚುಕ್ಕಿ ಚುಕ್ಕಿಯಾಗಿ ಒಡೆದ್ರೆ ಅದು ಫೋಟೋ ನೋಡಿ ಅಚ್ಚು ಹಾಕಿದ್ದು. ಸರ್ಕಾರಿ ನೋಟಿನ ಕಾಗದದ ಒಳಗೇ ಸಣ್ಣ ಕೆಂಪು, ನೀಲಿ ಎಳೆಗಳು ಹುದುಗಿರ್ತವೆ. ನಕಲಿಯಲ್ಲಿ ಅದನ್ನ ಮೇಲೆ ಬರೆದಿರ್ತಾರೆ. ಖಾಸಗಿ ಬ್ಯಾಂಕುಗಳ ಕಾಲದ ನೋಟಾದ್ರೆ ಸಹಿ ನೋಡಿ. ಅವತ್ತು ಸಹಿಯನ್ನ ಪೆನ್ನಿನಲ್ಲಿ ಹಾಕ್ತಿದ್ರು. ಸಹಿಯ ಶಾಯಿ, ಚಿತ್ರದ ಶಾಯಿ ಒಂದೇ ಥರ ಇದ್ರೆ ಅನುಮಾನಪಡಿ. ದೊಡ್ಡಮ್ಮನ ಸಾವಿರ ಡಾಲರ್ ನೋಟಿನಲ್ಲಿ ಹಾಗೇ ಇತ್ತು.

ಎರಡನೇ ನೋಟು: ನೀಲಿ ಮುದ್ರೆ

ಎರಡನೇದು ಒಂದು ಡಾಲರ್. ಅಳತೆ ಈಗಿನದ್ದೇ, ವಾಷಿಂಗ್ಟನ್ ಮುಖವೂ ಅದೇ. ಆದ್ರೆ ಬಲಗಡೆಯ ಮುದ್ರೆ ಮತ್ತು ನಂಬರ್ ಹಸಿರಲ್ಲ, ನೀಲಿ. ಮೇಲೆ 'ಸಿಲ್ವರ್ ಸರ್ಟಿಫಿಕೇಟ್', ಸೀರೀಸ್ 1957.

1929ರ ನಂತರದ ಸಣ್ಣ ನೋಟುಗಳಲ್ಲಿ ಬಣ್ಣ ದೊಡ್ಡ ಸುಳಿವು. ಹಸಿರು ಮುದ್ರೆ ಫೆಡರಲ್ ರಿಸರ್ವ್ ನೋಟಿಗೆ, ನೀಲಿ ಸಿಲ್ವರ್ ಸರ್ಟಿಫಿಕೇಟ್‌ಗೆ, ಕೆಂಪು ಯುನೈಟೆಡ್ ಸ್ಟೇಟ್ಸ್ ನೋಟಿಗೆ, ಬಂಗಾರದ ಬಣ್ಣ ಗೋಲ್ಡ್ ಸರ್ಟಿಫಿಕೇಟ್‌ಗೆ, ಕಂದು ನ್ಯಾಷನಲ್ ಬ್ಯಾಂಕ್ ನೋಟಿಗೆ. ಇದಕ್ಕೆ ಅಪವಾದವೂ ಇದೆ. ಪರ್ಲ್ ಹಾರ್ಬರ್ ದಾಳಿ ಆದ ಮೇಲೆ 1942ರಲ್ಲಿ ಹವಾಯಿಗೆ ಅಂತ ಬೇರೆ ನೋಟು ಕಳಿಸಿದ್ರು. ಕಂದು ಮುದ್ರೆ, ಹಿಂದುಗಡೆ ದೊಡ್ಡದಾಗಿ 'ಹವಾಯಿ' ಅಂತ ಅಚ್ಚು. ಜಪಾನ್ ದ್ವೀಪವನ್ನ ಹಿಡಿದ್ರೆ, ಆ ಗುರುತಿನ ನೋಟುಗಳನ್ನಷ್ಟೇ ರದ್ದು ಮಾಡಬಹುದು ಅನ್ನೋ ಲೆಕ್ಕ. ಒಂದು ಅಚ್ಚಿನ ಬಣ್ಣದಲ್ಲಿ ಒಂದು ಯುದ್ಧದ ಭಯ ಇದೆ ನೋಡಿ.

ದೊಡ್ಡಮ್ಮನ ನೀಲಿ ನೋಟು ಅಪ್ಪಟ ಅಸಲಿ. ಅದರ ಮೇಲೆ ಖಜಾನಾಧಿಕಾರಿಯಾಗಿ ಐವಿ ಬೇಕರ್ ಪ್ರೀಸ್ಟ್ ಅನ್ನೋ ಮಹಿಳೆಯ ಸಹಿ ಇದೆ. 'ಇನ್ ಗಾಡ್ ವಿ ಟ್ರಸ್ಟ್' ಅನ್ನೋ ವಾಕ್ಯ ಅಮೆರಿಕದ ಕಾಗದದ ನೋಟಿಗೆ ಮೊದಲು ಬಂದಿದ್ದೂ ಇದೇ 1957ರ ಒಂದು ಡಾಲರ್‌ನಲ್ಲಿ. ಆದ್ರೆ ಇಂಥವು ನೂರಾರು ಕೋಟಿ ಅಚ್ಚಾಗಿವೆ. ಮಡಿಕೆ ಬಿದ್ದು ಬಳಕೆಯಾದ ನೋಟಿಗೆ ಮುಖಬೆಲೆಗಿಂತ ಸ್ವಲ್ಪ ಜಾಸ್ತಿ ಸಿಗಬಹುದು, ಅಷ್ಟೇ. ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ನಂಬರಿನ ಕೊನೆಗೆ ಅಥವಾ ಮೊದಲಿಗೆ ನಕ್ಷತ್ರ ಇದ್ರೆ, ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕಿದ್ದು ಅಂತ ಅರ್ಥ, ಅದಕ್ಕೆ ಬೇಡಿಕೆ ಸ್ವಲ್ಪ ಹೆಚ್ಚು. ಇದರಲ್ಲಿ ಅದೂ ಇರ್ಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಮೆರಿಕ ಸರ್ಕಾರ 1861ರಿಂದ ಹೊರಡಿಸಿದ ಯಾವ ನೋಟನ್ನೂ ಅಮಾನ್ಯ ಮಾಡಿಲ್ಲ. ಲಿಂಕನ್ ಕಾಲದ ಹತ್ತು ಡಾಲರ್ ಇವತ್ತಿಗೂ ಹತ್ತು ಡಾಲರ್. 2016ರ ನವೆಂಬರ್ 8ರ ರಾತ್ರಿ ನಾನು ಕಾಲೇಜಿನಲ್ಲಿದ್ದೆ, ನೀವೂ ಎಲ್ಲೋ ಇದ್ರಿ. ನಮ್ಮಲ್ಲಿ ಆಮೇಲೆ ಬಂದ 2017ರ ಕಾನೂನಿನ ಪ್ರಕಾರ ಆ ಹಳೇ 500, 1000ದ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂದ್ರೂ 25ರ ಮಿತಿ ಇದೆ. ಅಲ್ಲಿ ಹಳೇ ನೋಟಿನ ಸಂಗ್ರಹ ಅಷ್ಟು ದೊಡ್ಡದಾಗಿ ಬೆಳೆಯೋಕೆ ಮುಖಬೆಲೆ ಸಾಯದೇ ಇರೋದೂ ಒಂದು ಕಾರಣ ಅಂತ ನನಗನ್ಸುತ್ತೆ.

ಮೂರನೇ ನೋಟು: ಬೆಳ್ಳಿ ಹೋದ ದಾರಿ

ಶನಿವಾರ ಬೆಳಗ್ಗೆ ಉಡುಪಿಯಲ್ಲಿ ಇಳಿದೆ. ಚಾ ಕುಡಿದಾದ ಮೇಲೆ ದೊಡ್ಡಮ್ಮ ಪೆಟ್ಟಿಗೆ ತಂದಿಟ್ರು. ಮೂರನೇ ನೋಟಿನ ಬಗ್ಗೆ ಅವರಿಗೆ ಆಸೆಯೇ ಇರ್ಲಿಲ್ಲ. "ಇದು ಹರಿದದ್ದು, ಬರೀ ಒಂದು ಡಾಲರ್" ಅಂದ್ರು. ವಾಟ್ಸಾಪಿನ ಪಾರ್ಟಿಯೂ ಇದು ಬೇಡ ಅಂದಿತ್ತಂತೆ.

ನಾನು ಅದನ್ನ ಎರಡೂ ಕೈಯಲ್ಲಿ ಹಿಡ್ಕೊಂಡೆ. ದೊಡ್ಡ ಅಳತೆ. ಎಡಗಡೆ ವಾಷಿಂಗ್ಟನ್. ನಡುವೆ ದಪ್ಪ ಅಕ್ಷರದಲ್ಲಿ 'ಫೆಡರಲ್ ರಿಸರ್ವ್ ಬ್ಯಾಂಕ್ ಆಫ್ ನ್ಯೂಯಾರ್ಕ್'. ಹಿಂದೆ ಬಾವುಟ ಹಿಡಿದ ಹದ್ದು. ಸೀರೀಸ್ 1918. ಮುದ್ರೆ ನೀಲಿ, ಆದ್ರೆ ಇದು ಸಿಲ್ವರ್ ಸರ್ಟಿಫಿಕೇಟ್ ಅಲ್ಲ. ದೊಡ್ಡ ನೋಟುಗಳಲ್ಲಿ ಬಣ್ಣದ ನಿಯಮ ನಡೆಯಲ್ಲ, ಹೆಸರನ್ನೇ ಓದಬೇಕು. ಸಹಿ ಎರಡಲ್ಲ, ನಾಲ್ಕು. ಎರಡು ಸರ್ಕಾರದ್ದು, ಎರಡು ಬ್ಯಾಂಕಿನದ್ದು. ಸರ್ಕಾರದ ಸಹಿಗಳಲ್ಲಿ ಒಂದು ಹೂಸ್ಟನ್ ಟೀಹೀ ಅವರದ್ದು, ಚೆರೊಕೀ ಮೂಲನಿವಾಸಿ ಸಮುದಾಯದವರು. ಬ್ಯಾಂಕಿನ ಕಡೆಯಿಂದ ಗವರ್ನರ್ ಬೆಂಜಮಿನ್ ಸ್ಟ್ರಾಂಗ್. ಇದರ ಹೆಸರು 'ಫೆಡರಲ್ ರಿಸರ್ವ್ ಬ್ಯಾಂಕ್ ನೋಟ್'. ಈಗಿನ ಫೆಡರಲ್ ರಿಸರ್ವ್ ನೋಟ್ ಬೇರೆ, ಇದು ಬೇರೆ.

ಈ ನೋಟು ಹುಟ್ಟಿದ್ದು ನಮ್ಮ ದೇಶದ ಕಾರಣಕ್ಕೆ. ಹೇಗೆ ಅಂತ ಕೇಳಿ.

ಮೊದಲನೇ ಮಹಾಯುದ್ಧ. ಬ್ರಿಟನ್ನಿಗೆ ಭಾರತದಿಂದ ಧಾನ್ಯ, ಸೆಣಬು, ಸೈನಿಕರು ಎಲ್ಲ ಹೋಗ್ತಿದ್ರು. ಅದಕ್ಕೆಲ್ಲ ಇಲ್ಲಿ ಬೆಳ್ಳಿ ರೂಪಾಯಿಯಲ್ಲಿ ದುಡ್ಡು ಕೊಡಬೇಕಿತ್ತು. ಬೆಳ್ಳಿ ಸಾಲದೆ 1917ರ ನವೆಂಬರ್‌ನಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದ್ರು, ಮುಂದಿನ ಜನವರಿಯಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟು. ಆದ್ರೂ ಜನ ನೋಟು ತಂದು "ಬೆಳ್ಳಿ ಕೊಡಿ" ಅಂತ ಕರೆನ್ಸಿ ಆಫೀಸುಗಳ ಮುಂದೆ ನಿಂತ್ರು. 1918ರಲ್ಲಿ ಸರ್ಕಾರದ ಬೆಳ್ಳಿ ದಾಸ್ತಾನು ತಳ ಕಾಣೋ ಸ್ಥಿತಿ. ನೋಟಿನ ಮಾತು ಮುರಿದ್ರೆ, ಯುದ್ಧದ ನಡುವೆ, ಏನಾಗ್ತಿತ್ತೋ.

ಬ್ರಿಟನ್ ಅಮೆರಿಕವನ್ನ ಕೇಳಿತು. 1918ರ ಏಪ್ರಿಲ್ 23ರಂದು ಅಲ್ಲಿ ಪಿಟ್‌ಮನ್ ಕಾಯ್ದೆ ಬಂತು. ಅಮೆರಿಕದ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ನಾಣ್ಯಗಳನ್ನ ಕರಗಿಸಿದ್ರು. ಅದರಲ್ಲಿ ಸುಮಾರು 26 ಕೋಟಿ ನಾಣ್ಯದ ಬೆಳ್ಳಿ, 20 ಕೋಟಿ ಔನ್ಸ್, ಭಾರತಕ್ಕೋಸ್ಕರ ಬ್ರಿಟನ್ನಿಗೆ ಮಾರಾಟವಾಯ್ತು.

ಈಗ ಕಾಮರ್ಸ್ ತಲೆ ಓಡಿಸಿ. ಆ ಬೆಳ್ಳಿ ನಾಣ್ಯಗಳು ಸುಮ್ಮನೆ ಬಿದ್ದಿರ್ಲಿಲ್ಲ. ಒಂದೊಂದು ಡಾಲರ್ ಮೇಲೂ ಒಂದು ಸಿಲ್ವರ್ ಸರ್ಟಿಫಿಕೇಟ್ ಜನರ ಜೇಬಲ್ಲಿ ಓಡಾಡ್ತಿತ್ತು. ನಾಣ್ಯ ಕರಗಿಸಿದ್ರೆ ಆ ಸರ್ಟಿಫಿಕೇಟ್ ಸುಳ್ಳಾಗುತ್ತೆ. ಹಾಗಾಗಿ ಸರ್ಟಿಫಿಕೇಟನ್ನ ವಾಪಸ್ ತಗೋಬೇಕು. ತಗೊಂಡ್ರೆ ಜನರ ಕೈಯಲ್ಲಿ ಚಿಲ್ಲರೆ ನೋಟು ಕಡಿಮೆಯಾಗುತ್ತೆ. ಆ ಜಾಗ ತುಂಬೋಕೆ ಬಂದಿದ್ದೇ 1918ರ ಈ ಫೆಡರಲ್ ರಿಸರ್ವ್ ಬ್ಯಾಂಕ್ ನೋಟು. ಇದರ ಬೆನ್ನಿಗೆ ಬೆಳ್ಳಿ ಇಲ್ಲ, ಸರ್ಕಾರದ ಸಾಲಪತ್ರ ಇದೆ. ಬೆಳ್ಳಿ ಹಡಗು ಹತ್ತಿತು, ಅದರ ಜಾಗದಲ್ಲಿ ಈ ಕಾಗದ ಕೂತಿತು. ಆಮೇಲೆ ಅಮೆರಿಕ ಮತ್ತೆ ಬೆಳ್ಳಿ ಕೊಂಡು 1921ರಿಂದ ನಾಣ್ಯ ಹಾಕೋಕೆ ಶುರು ಮಾಡಿದಾಗ ಇವನ್ನ ವಾಪಸ್ ಪಡೆದ್ರು. ಹಾಗಾಗಿ ಉಳಿದಿರೋದು ಕಡಿಮೆ.

ಇದನ್ನ ದೊಡ್ಡಮ್ಮನಿಗೆ ಹೇಳ್ತಾ ಇದ್ದಾಗ ಅವರು ಎದ್ದು ದೇವರ ಕೋಣೆಗೆ ಹೋದ್ರು. ಲಕ್ಷ್ಮೀ ಪೂಜೆಗೆ ಇಡೋ ಬೆಳ್ಳಿ ರೂಪಾಯಿ ತಂದು ನನ್ನ ಕೈಗಿಟ್ರು. ಐದನೇ ಜಾರ್ಜ್ ಮುಖ, ಇಸವಿ 1919. ಕರಗಿದ ಅಮೆರಿಕದ ಬೆಳ್ಳಿ ಇಲ್ಲಿ ಆಗಿದ್ದು ಇಂಥ ರೂಪಾಯಿಗಳೇ. ಒಂದು ಡಾಲರ್ ನಾಣ್ಯದಲ್ಲಿದ್ದ ಬೆಳ್ಳಿಗೆ ಸುಮಾರು ಎರಡೂಕಾಲು ರೂಪಾಯಿ ಆಗ್ತಿತ್ತು. ಇದೇ ರೂಪಾಯಿಯಲ್ಲಿ ಅದೇ ಬೆಳ್ಳಿ ಇದೆ ಅಂತ ಯಾರೂ ಪ್ರಮಾಣ ಮಾಡೋಕಾಗಲ್ಲ. ಆದ್ರೆ ನೂರು ವರ್ಷದ ಹಿಂದಿನ ಒಂದೇ ಲೆಕ್ಕದ ಎರಡು ಕಡೆ, ಡೆಬಿಟ್ಟು ಕ್ರೆಡಿಟ್ಟು, ಒಂದೇ ಮನೆಯಲ್ಲಿ ಇದ್ದವು. ಒಂದು ತಗಡಿನ ಪೆಟ್ಟಿಗೆಯಲ್ಲಿ, ಒಂದು ದೇವರ ಕೋಣೆಯಲ್ಲಿ.

ಸರಿ, ಬೆಲೆ ಎಷ್ಟು?

ನೀವು ಇದನ್ನೇ ಕಾಯ್ತಿದ್ದೀರಿ ಅಂತ ಗೊತ್ತು. 1890ರ ಸಾವಿರ ಡಾಲರ್‌ನ ಒಂದು ಟ್ರೆಷರಿ ನೋಟು 2014ರ ಹರಾಜಿನಲ್ಲಿ 30 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯ್ತು. ಹಿಂದಿನ ಸೊನ್ನೆಗಳು ಕಲ್ಲಂಗಡಿ ಥರ ಕಾಣೋದ್ರಿಂದ ಅದಕ್ಕೆ 'ಗ್ರ್ಯಾಂಡ್ ವಾಟರ್‌ಮೆಲನ್' ಅಂತಾರೆ. ಯೂಟ್ಯೂಬ್ ಥಂಬ್‌ನೇಲ್‌ಗಳಿಗೆ ಇಂಥದ್ದೇ ಬೇಕು. ಆದ್ರೆ ಅಂಥ ನೋಟು ಕೈಬೆರಳಲ್ಲಿ ಎಣಿಸೋಷ್ಟು ಮಾತ್ರ ಉಳಿದಿವೆ. ನಮ್ಮ ನಿಮ್ಮ ಪೆಟ್ಟಿಗೆಯ ಕಥೆ ಬೇರೆ.

ಬೆಲೆ ನಿಂತಿರೋದು ಮೂರರ ಮೇಲೆ: ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ. ಸ್ಥಿತಿಗೆ 70ರವರೆಗೆ ಅಂಕ ಕೊಡ್ತಾರೆ. ಪಿಎಂಜಿ, ಪಿಸಿಜಿಎಸ್ ಅನ್ನೋ ಕಂಪನಿಗಳು ನೋಟು ಪರೀಕ್ಷೆ ಮಾಡಿ ಅಂಕ ಹಾಕಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡ್ತವೆ. ಎಲ್ಲ ಥರದ ನೋಟಿಗೂ ಒಂದು ಕ್ಯಾಟಲಾಗ್ ನಂಬರ್ ಇದೆ. ರಾಬರ್ಟ್ ಫ್ರೀಡ್‌ಬರ್ಗ್ 1953ರಲ್ಲಿ ತಂದ ಪುಸ್ತಕದಿಂದ ಬಂದ ಈ 'ಫ್ರೀಡ್‌ಬರ್ಗ್ ನಂಬರ್' ಹಾಕಿ ಹುಡುಕಿದ್ರೆ ಹಳೇ ಹರಾಜುಗಳ ದಾಖಲೆ ಸಿಗುತ್ತೆ. ಆನ್‌ಲೈನ್‌ನಲ್ಲಿ ಯಾರೋ ಕೇಳ್ತಿರೋ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಕೇಳೋದಕ್ಕೆ ಯಾರು ಏನು ಬೇಕಾದ್ರೂ ಕೇಳಬಹುದು.

ದೊಡ್ಡಮ್ಮನ 1918ರ ನೋಟಿನ ಅಂಚು ಹರಿದಿದೆ, ನಡುವೆ ಮಡಿಕೆ ಸವೆದಿದೆ. ಬೆಂಗಳೂರಿನ ಪರಿಚಯದ ಸಂಗ್ರಾಹಕರೊಬ್ಬರು ಫೋಟೋ ನೋಡಿ, ಅಸಲಿ, ಆದ್ರೆ ಈ ಸ್ಥಿತಿಯಲ್ಲಿ ನೂರು ಡಾಲರ್ ಒಳಗೇ ಅಂದ್ರು. ಮಾಡು ರಿಪೇರಿಗೆ ಅದು ಎಲ್ಲೂ ಸಾಲಲ್ಲ. ಇದನ್ನ ನಾನು ಸಿಹಿ ಹಚ್ಚದೆ ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ರೆ ಕೆಲವು ಮಾತು. ನೋಟನ್ನ ತೊಳೀಬೇಡಿ, ಇಸ್ತ್ರಿ ಹಾಕಬೇಡಿ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಿದ್ರಂತೂ ಮುಗೀತು. ಅಗ್ಗದ ಪಿವಿಸಿ ಕವರ್ ಕಾಲಕ್ರಮೇಣ ಕಾಗದವನ್ನ ಕೆಡಿಸುತ್ತೆ, ಮೈಲಾರ್ ಅನ್ನೋ ಪಾಲಿಯೆಸ್ಟರ್ ಹಾಳೆಯ ಕವರ್ ತಗೊಳ್ಳಿ. ಕರಾವಳಿಯ ತೇವದಲ್ಲಿ ಇದು ಇನ್ನೂ ಮುಖ್ಯ. ಜೊತೆಗೆ ಒಂದು ಚೀಟಿ ಬರೆದಿಡಿ, ಯಾರು ತಂದಿದ್ದು, ಎಲ್ಲಿಂದ, ಯಾವಾಗ ಅಂತ.

ಆ ವಾಟ್ಸಾಪ್ ಪಾರ್ಟಿ

ಕೊನೆಯದಾಗಿ, ಈ ಸಂಚಿಕೆ ಮಾಡಿದ ಅಸಲಿ ಕಾರಣ. ಹಳೇ ನೋಟು ಕೊಳ್ಳೋರು ನಿಮಗೆ ದುಡ್ಡು ಕೊಡ್ತಾರೆ, ನಿಮ್ಮಿಂದ ತಗೊಳ್ಳಲ್ಲ. ಅರ್ಜಿ ಫೀಸು, ಫೈಲ್ ಚಾರ್ಜು, ಜಿಎಸ್‌ಟಿ, ಆರ್‌ಬಿಐ ಅನುಮತಿ ಅಂತ ಮುಂಗಡ ಕೇಳಿದ್ರೆ ಅದು ಮೋಸ. ದೊಡ್ಡಮ್ಮನಿಗೆ ಬಂದ ಪತ್ರದಲ್ಲಿ ಆರ್‌ಬಿಐ ಲಾಂಛನವೂ ಇತ್ತು. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ದುಡ್ಡು ಹೋಗಿದ್ರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು. ನಾವು ಮಾಡಿದ್ದು ಹನ್ನೊಂದು ದಿನ ಆದ ಮೇಲೆ. ದೂರು ದಾಖಲಾಯ್ತು, 2,150 ಇನ್ನೂ ಬಂದಿಲ್ಲ.

ದೊಡ್ಡಮ್ಮ ದುಡ್ಡಿಗೆ ಅಳ್ಲಿಲ್ಲ. ಸಾವಿರ ಡಾಲರ್ ನೋಟನ್ನ ಕೈಯಲ್ಲಿ ಹಿಡ್ಕೊಂಡು ಒಂದೇ ಮಾತು ಕೇಳಿದ್ರು: "ಇದು ಆಟದ ನೋಟು ಅಂತ ಅವರಿಗೆ ಗೊತ್ತಿತ್ತಾ?"

ಆ ಪ್ರಶ್ನೆಗೆ ನನ್ನ ನಾಲ್ಕು ಪ್ರಶ್ನೆಗಳಲ್ಲಿ ಉತ್ತರ ಇರ್ಲಿಲ್ಲ. ಗೊತ್ತಿಲ್ಲ ದೊಡ್ಡಮ್ಮ, ಅಂದೆ. ನಿಜವಾಗ್ಲೂ ಗೊತ್ತಿಲ್ಲ. ಯಾವುದೋ ಬಂದರಿನ ಅಂಗಡಿಯಲ್ಲಿ ಅವರೂ ಮೋಸ ಹೋಗಿರಬಹುದು. ಇಲ್ಲಾ, ಮನೆಯಿಂದ ವರ್ಷಗಟ್ಟಲೆ ದೂರ ಇದ್ದವರು ಹೆಂಡತಿಗೆ ಒಂದು ಧೈರ್ಯ ಇರ್ಲಿ ಅಂತ ಹಾಗೆ ಹೇಳಿರಬಹುದು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನೇ, "ಗೊತ್ತಿದ್ರೆ ಇಷ್ಟು ಜೋಪಾನ ಮಾಡ್ತಿರ್ಲಿಲ್ಲ ಮಾರಾಯ್ತಿ" ಅಂದ್ರು.

ಮೂರೂ ನೋಟು ಈಗ ಮೈಲಾರ್ ಕವರಿನಲ್ಲಿ, ದೊಡ್ಡಪ್ಪನ ಹಡಗಿನ ಕೆಲಸದ ಪುಸ್ತಕದ ಒಳಗೆ ಇವೆ. ಚೀಟಿಯನ್ನ ದೊಡ್ಡಮ್ಮನೇ ತಮ್ಮ ಕೈಬರಹದಲ್ಲಿ ಬರೆದಿದ್ದಾರೆ. ಮಾಡಿನ ಕೆಲಸಕ್ಕೆ ನಾನು, ಅಣ್ಣ, ಮುಂಬೈಯ ಅಕ್ಕ ಸೇರಿ ದುಡ್ಡು ಹಾಕಿದ್ದೀವಿ. ಹಂಚು ಬಂದಿದೆ, ಮಳೆ ಇನ್ನೂ ಬಂದಿಲ್ಲ.

ನಿಮ್ಮ ಅಜ್ಜಿ, ಅಪ್ಪ, ಮಾವ ಯಾರಾದ್ರೂ "ಹಳೇ ನೋಟಿಗೆ ಲಕ್ಷ ಕೊಡ್ತಾರಂತೆ" ಅಂತ ಮೆಸೇಜ್ ತೋರಿಸಿದ್ರೆ, ನಗಬೇಡಿ, ಬೈಯಬೇಡಿ. ಪಕ್ಕ ಕೂತು ನೋಟನ್ನ ಒಟ್ಟಿಗೆ ಓದಿ. ಈ ಸಂಚಿಕೆಯನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.